ಕಾಣದವನಿಗೆ ಬರೆದ ಮುಖ

ಪತ್ರಿಕೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಪೆನ್ಸಿಲಣ್ಣ ಎಂದೇ ಕರೆಯುತ್ತಿದ್ದರು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು ನಿಜ, ಆದರೆ ಅದನ್ನು ಓದುತ್ತಿದ್ದವನು ಅವನೊಬ್ಬನೇ. ಮೂವತ್ತೊಂದು ವರ್ಷದಿಂದ ಎರಡನೇ ಮಹಡಿಯಲ್ಲಿ ಅದೇ ಕಿಟಕಿ, ಅದೇ ಓರೆ ಮೇಜು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು. ಫೋಟೋ ಸಿಗದವರ ಮುಖ ಬಿಡಿಸುವುದು ಅವನ ಕೆಲಸ. ಓಡಿಹೋದ ಬ್ಯಾಂಕ್ ದರೋಡೆಕೋರ, ಕ್ಯಾಮೆರಾ ಒಳಗೆ ಬಿಡದ ಕೋರ್ಟಿನಲ್ಲಿ ತಲೆ ತಗ್ಗಿಸಿ ನಿಂತ ಆರೋಪಿ, ಸಿಕ್ಕಸಿಕ್ಕವರಿಗೆ ಸೂಜಿ ಚುಚ್ಚಿ ಮಾಯವಾದ ನಕಲಿ ಡಾಕ್ಟರು, ಇವರಿಗೆಲ್ಲ ಕಣ್ಣು ಮೂಗು ಬಂದದ್ದು ಅವನ ಮೇಜಿನ ಮೇಲೆ. ಕಂಡವರು ಹೇಳಿದ್ದನ್ನು ವರದಿಗಾರರು ಗೀಚಿಕೊಂಡು ಬರುತ್ತಿದ್ದರು, ಇವನು ಅದಕ್ಕೆ ಜೀವ ತುಂಬುತ್ತಿದ್ದ. ‘ಎದ್ದು ಬಂದು ಮಾತಾಡೋ ಹಾಗಿದೆ’ ಎಂದು ಓದುಗರು ಕಾಗದ ಬರೆದದ್ದೂ ಉಂಟು.

ಈಗ ಒಂದು ಗುಟ್ಟು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಪೆನ್ಸಿಲಣ್ಣನಿಗೆ ಇಲ್ಲದ ಮುಖ ಬಿಡಿಸಲು ಬರುತ್ತಿರಲಿಲ್ಲ. ಅಯ್ಯೋ, ಒಂದು ಗೆರೆಯೂ ಬರುತ್ತಿರಲಿಲ್ಲ! ಕಣ್ಣಾರೆ ಕಂಡ ಮುಖವಾದರೆ ಕೈ ತಾನೇ ಓಡುತ್ತಿತ್ತು; ‘ಕೋಲು ಮುಖ, ಚಪ್ಪಟೆ ಮೂಗು’ ಎಂದು ಬರೀ ಬಾಯಲ್ಲಿ ಹೇಳಿದರೆ ಕೈ ಕಲ್ಲಾಗಿ ಕೂರುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಇದು ಗೊತ್ತಾಗಿ ಅವನಿಗೆ ಬೆವರಿಳಿದಿತ್ತು. ಹಾಗಾಗಿ ಎರವಲು ತರುವುದನ್ನು ಕಲಿತ. ಹಣೆ ಬಸ್ಸಿನಲ್ಲಿ ಎದುರು ಕೂತವನದು, ಮೂಗು ಕ್ಯಾಂಟೀನಿನ ಅಡುಗೆಯವನದು, ಗಲ್ಲ ಯಾರೋ ಬೀಗರದು. ತನಗೆ ತಾನೇ ಒಂದು ಕಟ್ಟಳೆಯನ್ನೂ ಹಾಕಿಕೊಂಡಿದ್ದ: ಒಂದು ಮುಖಕ್ಕೆ ಕಡಿಮೆಯೆಂದರೆ ಮೂರು ಜನ. ಒಬ್ಬನದನ್ನೇ ಇಡಿಯಾಗಿ ಎತ್ತಬಾರದು. ಮೂವತ್ತೊಂದು ವರ್ಷ ಅದನ್ನು ಒಂದು ಸಲವೂ ಮುರಿದಿರಲಿಲ್ಲ, ಯಾರ ಹತ್ತಿರವೂ ಬಾಯಿ ಬಿಟ್ಟಿರಲೂ ಇಲ್ಲ.

ಮುರಿದದ್ದು ಆ ಡಿಜಿಟಲ್ ಹಣದವನ ಕಾಲಕ್ಕೆ. ನೋಟಿಲ್ಲದ, ನಾಣ್ಯವಿಲ್ಲದ, ಕಂಪ್ಯೂಟರಿನೊಳಗೆ ಮಾತ್ರ ಓಡಾಡುವ ಒಂದು ಹಣವನ್ನು ಯಾರೋ ಪುಣ್ಯಾತ್ಮ ಕಂಡುಹಿಡಿದು, ಸುಳ್ಳು ಹೆಸರಿನಲ್ಲಿ ಲೋಕಕ್ಕೆ ಬಿಟ್ಟು, ಎರಡು ವರ್ಷ ಪತ್ರವ್ಯವಹಾರ ನಡೆಸಿ, ಒಂದು ದಿನ ಸದ್ದಿಲ್ಲದೆ ಮಾಯವಾಗಿದ್ದ. ತನ್ನ ಪಾಲಿಗೆಂದು ಅವನು ಇಟ್ಟುಕೊಂಡದ್ದರ ಬೆಲೆ ಬರೆಯಲು ಹೋದರೆ ಸೊನ್ನೆ ಹಾಕಿ ಹಾಕಿ ಕೈ ನೋಯಬೇಕು. ಗಂಡಸೋ ಹೆಂಗಸೋ, ಒಬ್ಬನೋ ಹತ್ತು ಜನವೋ, ಇದ್ದಾನೋ ಸತ್ತಿದ್ದಾನೋ, ಒಂದೂ ಗೊತ್ತಿಲ್ಲ. ಗೊತ್ತಿಲ್ಲ ಎಂದಮೇಲೆ ಪತ್ರಿಕೆಯವರು ಸುಮ್ಮನಿರುತ್ತಾರೆಯೇ? ಇವರ ಪತ್ರಿಕೆಯೂ ‘ಯಾರವನು?’ ಎಂಬ ಲೇಖನಮಾಲೆ ಶುರು ಮಾಡಿತು. ಬರೆಯುತ್ತಿದ್ದ ವರದಿಗಾರನಿಗೆ ಕಚೇರಿಯಲ್ಲಿ ಸ್ಫೋಟ ಎಂಬ ಅಡ್ಡಹೆಸರು, ಏಕೆಂದರೆ ಚರಂಡಿ ಕಟ್ಟಿಕೊಂಡ ಸುದ್ದಿಗೂ ಅವನು ‘ಸ್ಫೋಟಕ’ ಎಂಬ ಪದ ಸೇರಿಸುತ್ತಿದ್ದ. ಆ ನಿಗೂಢ ಮನುಷ್ಯನ ಜೊತೆ ಅರ್ಧ ಗಂಟೆ ಕೂತು ಮಾತಾಡಿದ್ದೇನೆ ಎನ್ನುವ ಒಬ್ಬ ಮಹಾಶಯ ಅವನಿಗೆ ಗಂಟುಬಿದ್ದಿದ್ದ.

“ಪೆನ್ಸಿಲಣ್ಣ, ನಲವತ್ತು ನಿಮಿಷ ಇದೆ. ಮೊದಲನೇ ಪುಟ. ಅವನ ಮುಖ ಬೇಕು,” ಎಂದು ಸ್ಫೋಟ ಒಂದು ಮಧ್ಯಾಹ್ನ ಬಂದು ನಿಂತ.

“ಹೇಗಿದ್ದಾನಂತೆ?”

“ಐವತ್ತು ದಾಟಿರಬಹುದು. ಸಾಧಾರಣ ಎತ್ತರ, ಸಾಧಾರಣ ಮೈಕಟ್ಟು. ಕನ್ನಡಕ ಇದೆ.”

“ಮೂಗು?”

“ಸಾಧಾರಣ.”

“ಎಲ್ಲಾ ಸಾಧಾರಣ ಅಂದ್ರೆ ನಾನೇನಪ್ಪ ಬಿಡಿಸಲಿ? ಮೊಟ್ಟೆ ಬಿಡಿಸಲಾ?”

“ಏನಾದ್ರೂ ಬಿಡಿಸು ಮಹಾರಾಯ. ನೋಡಿದ ತಕ್ಷಣ ಬುದ್ಧಿವಂತ ಅನ್ನಿಸ್ಬೇಕು, ಅಷ್ಟೇ.”

ಆವತ್ತು ಪೆನ್ಸಿಲಣ್ಣ ಅಕ್ಕನ ಮನೆಯಲ್ಲಿ ಉಂಡು ಬಂದಿದ್ದ. ಅಕ್ಕ ಬಡಿಸುತ್ತಿದ್ದಾಗ ಎದುರಿಗೆ ಕಿಟಕಿಯ ಬೆಳಕಿನಲ್ಲಿ ಭಾವ ಕೂತಿದ್ದರು. ಭಾವನ ಕೆಲಸ ತಕ್ಕಡಿ ರಿಪೇರಿ. ಅಂಗಡಿ ಅಂಗಡಿಗೆ ಹೋಗಿ ತೂಕ ಸರಿಯಿದೆಯೇ ನೋಡುವುದು, ತಪ್ಪಿದ್ದರೆ ತಿದ್ದುವುದು. ಅದಕ್ಕೆಂದು ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟುವವರಲ್ಲ ಅವರು. ಬಿಳಿ ಕೈಗವಸು ಹಾಕಿಕೊಂಡು, ಚಿಕ್ಕವನ್ನು ಚಿಮಟದಲ್ಲಿ ಎತ್ತಿ, ಒಂದೊಂದಾಗಿ ಒರೆಸಿ ಇಡುತ್ತಿದ್ದರು. “ಬೆವರಿಗೂ ತೂಕ ಇರುತ್ತೆ” ಎನ್ನುವುದು ಅವರು ಆಡುತ್ತಿದ್ದ ಅಪರೂಪದ ಮಾತುಗಳಲ್ಲೊಂದು. ಆವತ್ತೂ ಹಾಗೆ ಒರೆಸುತ್ತ, ಕನ್ನಡಕ ಮೂಗಿನ ತುದಿಗೆ ಜಾರಿ, ಹುಬ್ಬು ಸ್ವಲ್ಪ ಮೇಲೆದ್ದಿತ್ತು.

ಪೆನ್ಸಿಲಣ್ಣ ಕಾಗದ ಎಳೆದುಕೊಂಡ, ಕೈ ಓಡಿತು. ಅರ್ಧ ಮುಗಿಯುವ ಹೊತ್ತಿಗೆ ಯಾರ ಮುಖ ಎಂದು ಅವನಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಆಮೇಲೆ ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ, ಆದರೆ ಗೊತ್ತಾಗಿತ್ತು. ಹರಿದು ಹಾಕಿ ಇನ್ನೊಂದು ಬಿಡಿಸಲು ಹೊತ್ತೂ ಇತ್ತು. ಆದರೆ ಚಿತ್ರ ಬಹಳ ಚೆನ್ನಾಗಿ ಬಂದಿತ್ತು ನೋಡಿ, ಅದೇ ಎಡವಟ್ಟಾದದ್ದು. ಇಷ್ಟು ವರ್ಷದಲ್ಲಿ ಅಂಥದ್ದೊಂದು ಬಂದಿರಲಿಲ್ಲ. ಯಾರು ಗುರುತು ಹಿಡಿಯುತ್ತಾರೆ ಬಿಡು ಎಂದುಕೊಂಡು, ದುಂಡನೆಯ ಕನ್ನಡಕವನ್ನು ಚೌಕ ಮಾಡಿ, ಕೆಳಗೆ ಸಹಿ ಹಾಕದೆ ಕಳಿಸಿಬಿಟ್ಟ.

ಮರುದಿನ ಮೊದಲ ಪುಟದಲ್ಲಿ ಅಂಗೈಯಗಲದ ಚಿತ್ರ, ಕೆಳಗೆ ‘ಕಂಡವರು ಹೇಳಿದಂತೆ’ ಎಂಬ ಸಾಲು, ‘ಈತನನ್ನು ನೋಡಿದ್ದೀರಾ?’ ಎಂದು ಒಂದು ಫೋನ್ ನಂಬರು. ಸ್ಫೋಟ ಕುಣಿಯುತ್ತ ಬಂದ. “ಪೆನ್ಸಿಲಣ್ಣ, ನಮ್ಮ ಮನುಷ್ಯನಿಗೆ ಚಿತ್ರ ತೋರಿಸ್ದೆ. ‘ಇವನೇ! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ’ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ!” ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಕೊರತೆಯೇ? ಆ ಮಹಾಶಯ ಹಸಿ ಸುಳ್ಳುಗಾರ ಎನ್ನುವುದು ಆ ಕ್ಷಣಕ್ಕೆ ಇಡೀ ಲೋಕದಲ್ಲಿ ಪೆನ್ಸಿಲಣ್ಣ ಒಬ್ಬನಿಗೇ ಗೊತ್ತಾಯಿತು. ಅವನು “ಹೌದಾ, ಒಳ್ಳೇದಾಯ್ತು” ಎಂದು ಪೆನ್ಸಿಲು ಹೆರೆಯುತ್ತ ಕೂತ.

ಮೂರನೇ ದಿನ ಒಬ್ಬ ತರಕಾರಿ ಅಂಗಡಿಯವನು ಆ ನಂಬರಿಗೆ ಫೋನು ಮಾಡಿದ. ನಮ್ಮ ತಕ್ಕಡಿಯವರು ಥೇಟ್ ಹೀಗೇ ಇದ್ದಾರೆ ಎಂದ. ನಾಲ್ಕನೇ ದಿನ ಬೆಳಿಗ್ಗೆ ಅಕ್ಕನ ಮನೆಯ ಗೇಟಿನ ಮುಂದೆ ಎರಡು ಟಿವಿ ಗಾಡಿ, ಹತ್ತಾರು ಜನ. ಭಾವ ಪೆಟ್ಟಿಗೆ ಹಿಡಿದು ಹೊರಗೆ ಬಂದರೆ ಮೈಕುಗಳು ಮುಖಕ್ಕೆ ತಾಗಿದವು. ಅವರು ಸಿಟ್ಟಾಗಿ ಬೈದಿದ್ದರೆ ಚೆನ್ನಾಗಿತ್ತು. ಆದರೆ ಆ ಮನುಷ್ಯ ಗಾಬರಿಯಲ್ಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಓಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಟಿವಿಯಲ್ಲಿ ಇಡೀ ದಿನ ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ಪೆಟ್ಟಿಗೆಯಲ್ಲಿ ಏನಿದೆ ಎಂದು ಸಂಜೆ ನಾಲ್ಕು ಜನ ಪಂಡಿತರು ಕೂತು ಚರ್ಚೆ ಮಾಡಿದರು.

ಆಮೇಲೆ ಸಿಕ್ಕಿದ್ದೆಲ್ಲ ಸಾಕ್ಷಿಯೇ. ಕೈಗವಸು ಹಾಕುತ್ತಾರೆ, ಹಾಗಾದರೆ ‘ಬೆರಳಚ್ಚು ಬಿಡದ ಮನುಷ್ಯ’. ಸಾದಾ ಫೋನು ಇಟ್ಟುಕೊಂಡಿದ್ದಾರೆ, ಹಾಗಾದರೆ ಯಾರೂ ಜಾಡು ಹಿಡಿಯಬಾರದೆಂದೇ. ಆ ಹಣ ಹುಟ್ಟಿದ ವರ್ಷ ಬೆನ್ನುನೋವಿಗೆ ಮೂರು ತಿಂಗಳು ಮನೆಯಲ್ಲೇ ಮಲಗಿದ್ದರು, ಇನ್ನೇನು ಬೇಕು! ಹಳೆಯ ಅಂಗಿ ಹಾಕುವುದು ವೇಷ, ಕಡಿಮೆ ಮಾತಾಡುವುದು ಜಾಣತನ. ‘ನಾನಲ್ಲ’ ಎಂದರೆ, ಅವನಾಗಿದ್ದರೂ ಹೀಗೇ ಅನ್ನುತ್ತಿದ್ದನಲ್ಲವೇ ಎಂದು ಸ್ಫೋಟ ಬರೆದ. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕಂಡಿದ್ದೇವೆ. ಇವರು ಇಲಿಯನ್ನು ಹಿಡಿದು ಅದರ ಮೇಲೆ ಬೆಟ್ಟ ಕಟ್ಟಿದರು.

ಭಾವನಿಗೆ ಕೆಲಸ ನಿಂತಿತು. ಇಷ್ಟು ದೊಡ್ಡ ಆಸಾಮಿ ನಮ್ಮ ತಕ್ಕಡಿ ಮುಟ್ಟುವುದೇ ಎಂದು ಕೆಲವರು ಕೈಮುಗಿದರು, ಇಷ್ಟು ವರ್ಷ ನಮ್ಮನ್ನು ಯಾಮಾರಿಸಿದನಲ್ಲ ಎಂದು ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಮದುವೆ ಮನೆಯಲ್ಲಿ ಗುರುತೇ ಇಲ್ಲದವರಂತೆ ಹೋಗುತ್ತಿದ್ದ ಬಂಧುಗಳು ಹಣ್ಣಿನ ಚೀಲ ಹಿಡಿದು ಬಂದರು. ಪೆನ್ಸಿಲಣ್ಣ ದಿನಾ ಸಂಜೆ ಹೋಗಿ ಒಂದು ಮೂಲೆಯಲ್ಲಿ ಕೂತು ಬರುತ್ತಿದ್ದ. ಭಾವ ಒಂದೇ ಮಾತು ಕೇಳುತ್ತಿದ್ದರು: “ನಾನು ಯಾರಿಗೇನು ಮಾಡಿದ್ದೆ? ನನ್ನ ಮುಖಾನೇ ಯಾಕೆ ಸಿಕ್ತು ಅವ್ರಿಗೆ?” ಪೆನ್ಸಿಲಣ್ಣ ಎದ್ದು ಹೋಗಿ ನೀರು ತಂದು ಕೊಡುತ್ತಿದ್ದ. ಅಪ್ಪ ತೀರಿಕೊಂಡಾಗ ಇವನಿಗೆ ಹದಿನಾಲ್ಕು ವರ್ಷ. ತಮ್ಮನ ಗತಿಯೇನು ಎಂದು ಅಕ್ಕ ಬಾಯಿ ತೆರೆಯುವ ಮೊದಲೇ ಹೋಗಿ ಇವನ ಟ್ರಂಕನ್ನು ತಲೆಮೇಲೆ ಹೊತ್ತು ತಂದವರು ಭಾವ. ಚಿತ್ರಕಲೆಯ ಶಾಲೆಗೆ ಸೇರಿಸಿದವರೂ ಅವರೇ.

ಏಳನೇ ದಿನ ತಡೆಯಲಾರದೆ ಸಂಪಾದಕರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದ. ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀವು ಇದನ್ನ ನಂಗೆ ಹೇಳಿಲ್ಲ, ನಾನು ಕೇಳಿಲ್ಲ. ಸರೀನಾ?”

“ಸರ್, ಒಂದು ಸಣ್ಣ ತಿದ್ದುಪಡಿ ಹಾಕಿ. ಚಿತ್ರ ಕಾಲ್ಪನಿಕ ಅಂತ.”

“ಕಾಲ್ಪನಿಕ ಅಂದ್ರೆ ಮಾಲೆ ಪೂರ್ತಿ ಬಿದ್ದು ಹೋಗುತ್ತೆ. ನಿಮ್ಮ ಹಳೇ ಚಿತ್ರಗಳೆಲ್ಲ ಏನು ಅಂತ ಕೇಳ್ತಾರೆ. ನಿಮಗೆ ರಿಟೈರ್ ಆಗೋಕೆ ಎಂಟು ತಿಂಗಳಿದೆ ಅಲ್ವಾ? ಮುಂದಿನ ವಾರ ಇನ್ಯಾರೋ ಇನ್ಯಾರನ್ನೋ ಹುಡುಕ್ತಾರೆ, ಜನ ಆ ಕಡೆ ಓಡ್ತಾರೆ. ಸ್ವಲ್ಪ ತಾಳ್ಮೆ ತಂದ್ಕೊಳ್ಳಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪೆನ್ಸಿಲಣ್ಣನಿಗೆ ಮೈಯೆಲ್ಲ ಹಗುರವಾಯಿತು. ಹೇಳುವುದನ್ನು ಹೇಳಿಯಾಯಿತಲ್ಲ, ಇನ್ನು ನನ್ನದೇನಿದೆ ಎಂದು ಮನಸ್ಸಿಗೆ ಬುದ್ಧಿ ಹೇಳಿದ. ಹೇಳಬೇಕಾದ ಕಡೆ ಹೇಳಿರಲಿಲ್ಲ ಎನ್ನುವುದನ್ನು ಮಾತ್ರ ಮನಸ್ಸಿಗೆ ನೆನಪಿಸಲು ಹೋಗಲಿಲ್ಲ, ಪುಕ್ಕಲ!

ಒಂಬತ್ತನೇ ದಿನ ಮಟಮಟ ಮಧ್ಯಾಹ್ನ, ಗೇಟಿನ ಮುಂದಿದ್ದವರೆಲ್ಲ ಊಟಕ್ಕೆ ಹೋಗಿದ್ದ ಹೊತ್ತಿಗೆ, ನೀರಿನ ಮೀಟರು ನೋಡಬೇಕು ಎಂದು ಮೂವರು ಬಂದರು. ಭಾವ ಔಷಧಿ ತರಲು ಹೋಗಿದ್ದರು, ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಮೂವರೂ ಬೀರು, ಹಾಸಿಗೆ, ಅಕ್ಕಿ ಡಬ್ಬ ಎಲ್ಲ ಸುರಿದು ಹುಡುಕಿದರು. ಅವರಿಗೆ ಬೇಕಾದದ್ದು ಕಂಪ್ಯೂಟರು. ಆ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಗಿಂತ ದೊಡ್ಡ ಯಂತ್ರವೇ ಇರಲಿಲ್ಲ. ಹೋಗುವಾಗ ಅಕ್ಕನ ಬಲಗೈ ತಿರುಚಿ ಮಣಿಕಟ್ಟಿನ ಮೂಳೆ ಮುರಿದು ಹೋದರು.

ಪೆನ್ಸಿಲಣ್ಣ ಆಸ್ಪತ್ರೆಗೆ ಓಡಿದ. ಮೊಣಕೈವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಭಾವ ನೆಲ ನೋಡುತ್ತ ಹೇಳಿದರು: “ಮನೆ ಮಾರ್ತೀನಿ. ಪೆಟ್ಟಿಗೆ ಯಾರಿಗಾದ್ರೂ ಕೊಟ್ಬಿಡ್ತೀನಿ. ಯಾರೂ ಗುರುತು ಹಿಡೀದಿರೋ ಕಡೆ ಇವಳನ್ನ ಕರ್ಕೊಂಡು ಹೋಗ್ತೀನಿ. ಇನ್ನೊಂದ್ಸಲ ಬಂದ್ರೆ ಇವಳು ಉಳಿಯಲ್ಲ ಕಣೋ.” ಅರವತ್ತು ದಾಟಿದ ಮನುಷ್ಯ, ತನ್ನ ಮುಖ ಬಚ್ಚಿಟ್ಟುಕೊಳ್ಳಲು ಜಾಗ ಹುಡುಕುತ್ತಿದ್ದ. ಪೆನ್ಸಿಲಣ್ಣ ಹೊರಗೆ ಹೋಗಿ ಗೋಡೆಗೆ ತಲೆ ಆನಿಸಿ ಸ್ವಲ್ಪ ಹೊತ್ತು ನಿಂತ. ನಾಚಿಕೆಯೆಂದರೆ ಏನೆಂದು ಅವನಿಗೆ ಐವತ್ತೇಳನೇ ವಯಸ್ಸಿನಲ್ಲಿ ತಿಳಿಯಿತು.

ಮರುದಿನ ಬೆಳಿಗ್ಗೆ ಅವನು ಕಚೇರಿಗೆ ಹೋಗಲಿಲ್ಲ. ಅಕ್ಕನ ಮನೆಯ ಗೇಟಿನ ಮುಂದೆ, ಮೈಕುಗಳ ಎದುರು ಬಂದು ನಿಂತ. ದಾಳಿಯ ಸುದ್ದಿಯಿಂದ ಜನ ಎರಡರಷ್ಟಾಗಿದ್ದರು. ಸ್ಫೋಟನೂ ಇದ್ದ.

“ಆ ಚಿತ್ರ ಬಿಡಿಸಿದವನು ನಾನು. ಅದು ನನ್ನ ಭಾವನ ಮುಖ. ಅವರು ಯಾವ ಹಣಾನೂ ಕಂಡುಹಿಡಿದಿಲ್ಲ. ನಂಗೆ ಬೇರೆ ಮುಖ ಹೊಳೀಲಿಲ್ಲ, ಅದಕ್ಕೆ ಅವರದನ್ನ ಬಿಡಿಸ್ದೆ,” ಎಂದ.

ಎಲ್ಲ ಗೊಳ್ಳೆಂದು ನಕ್ಕರು. ಭಾವನನ್ನು ಉಳಿಸಲು ಬಾಮೈದ ಬಂದಿದ್ದಾನೆ ಎಂದರು. “ನೋಡಿದವರು ಗುರುತು ಹಿಡಿದಿದ್ದಾರಲ್ಲ ಪೆನ್ಸಿಲಣ್ಣ,” ಎಂದು ಸ್ಫೋಟ ಹಲ್ಲು ಕಚ್ಚಿ ಮೆಲ್ಲಗೆ ಹೇಳಿದ, “ಮನೆಗೆ ಹೋಗು.”

ಪೆನ್ಸಿಲಣ್ಣ ಹೋಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲು ತೆಗೆದ, ಅಲ್ಲೇ ಬಿದ್ದಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಮೊಣಕಾಲ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ. ಮೈಕು ಹಿಡಿದವರಲ್ಲಿ ಗಲ್ಲದಲ್ಲಿ ಗುಳಿ ಬೀಳುವ ಒಬ್ಬ ಟಿವಿಯವನಿದ್ದ.

“ನೀವು ಹೋದ ವರ್ಷ ಕೆಲಸ ಕೇಳ್ಕೊಂಡು ನಮ್ಮ ಆಫೀಸಿಗೆ ಬಂದಿದ್ರಿ. ಒಂದು ಗಂಟೆ ಬೆಂಚಿನ ಮೇಲೆ ಕೂತಿದ್ರಿ,” ಎಂದ ಪೆನ್ಸಿಲಣ್ಣ, ಗೆರೆ ಎಳೆಯುತ್ತ. “ಆವತ್ತೇ ನಾನು ನಕಲಿ ಡಾಕ್ಟರನ ಚಿತ್ರ ಬಿಡಿಸ್ಬೇಕಿತ್ತು. ಗಲ್ಲ ನಿಮ್ಮದು. ಹುಬ್ಬು ನಮ್ಮ ಸಂಪಾದಕರದು. ಮೂಗು ಕ್ಯಾಂಟೀನಿನವನದು.”

ಅದೇ ಡಾಕ್ಟರನ ಮುಖ ಬಿಡಿಸಿದ ರಟ್ಟನ್ನು ಎತ್ತಿ ತೋರಿಸಿದ. ಯಾರೋ ಫೋನಿನಲ್ಲಿ ಹಳೆಯ ಪುಟ ಹುಡುಕಿ ತೆಗೆದು, ಚಿತ್ರವನ್ನೂ ಟಿವಿಯವನನ್ನೂ ಒಂದರ ಪಕ್ಕ ಒಂದು ನೋಡಿದರು. ಕ್ಯಾಮೆರಾದವನು ಮೊದಲು ನಕ್ಕ. “ಗುರೂ, ನೀನೇ ಕಣೋ ಡಾಕ್ಟರು!” ಎಂದ. ಟಿವಿಯವನು ಗಲ್ಲ ಮುಚ್ಚಿಕೊಂಡ.

“ಬ್ಯಾಂಕ್ ದರೋಡೆಯವನ ಕಣ್ಣು ಇವನದು,” ಎಂದು ಸ್ಫೋಟನ ಕಡೆ ಕೈ ತೋರಿಸಿದ. ಒಂದಾದ ಮೇಲೊಂದು ಹೇಳುತ್ತ ಹೋದ. ಮೂವತ್ತೊಂದು ವರ್ಷದ ಕೆಲಸವನ್ನು ಗೇಟಿನ ಮುಂದೆ ಕೂತು ತನ್ನ ಕೈಯಾರೆ ಬಿಚ್ಚಿ ಹಾಕಿದ; ಯಾವ ಕಿವಿ ಯಾರದು, ಯಾವ ಹಣೆ ಎಲ್ಲಿಯದು, ಎಲ್ಲ. ನಗು ಜೋರಾಯಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ವರದಿಗಾರ್ತಿಯೊಬ್ಬಳು ನಗದೆ ಕೇಳಿದಳು: “ನಿಮ್ಮ ಚಿತ್ರ ನೋಡಿ ಪೊಲೀಸರು ಯಾರನ್ನಾದ್ರೂ ಹಿಡಿದಿದ್ರಾ?”

ಪೆನ್ಸಿಲಣ್ಣನ ಕೈ ನಿಂತಿತು. “ಗೊತ್ತಿಲ್ಲಮ್ಮ. ಕೇಳೋ ಧೈರ್ಯ ಯಾವತ್ತೂ ಬರಲಿಲ್ಲ,” ಎಂದ. ಅವಳು ಅದನ್ನು ಬರೆದುಕೊಂಡಳು.

ಹನ್ನೊಂದು ಗಂಟೆಗೆ ಸಂಪಾದಕರ ಫೋನು ಬಂತು: ಇನ್ನು ಬರುವುದು ಬೇಡ. ಹನ್ನೆರಡಕ್ಕೆ ಎಲ್ಲ ಟಿವಿಗಳಲ್ಲೂ ಸುದ್ದಿ ಇವನದೇ. ಕಣ್ಣಲ್ಲಿ ನೀರು ಹಾಕಿಕೊಂಡಿದ್ದ ಆ ಮಹಾಶಯನ ಫೋನು ಸ್ವಿಚ್ಡ್ ಆಫ್. ಮಧ್ಯಾಹ್ನದ ಹೊತ್ತಿಗೆ ಗಾಡಿಗಳು ಒಂದೊಂದಾಗಿ ಹೊರಟುಹೋದವು, ಬೀದಿಯಲ್ಲಿ ಚಹಾದ ಲೋಟಗಳು ಮಾತ್ರ ಉಳಿದವು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡು ಪೆನ್ಸಿಲಣ್ಣ ಒಳಗೆ ಹೋದ.

ಭಾವ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದರು. ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದರು. ಇವನು ಕಾಲು ಹಿಡಿಯಲು ಬಗ್ಗಿದರೆ ಕಾಲು ಹಿಂದಕ್ಕೆಳೆದುಕೊಂಡರು.

“ಒಂದು ವಾರ,” ಎಂದರು. “ಒಂದು ವಾರ ದಿನಾ ಸಂಜೆ ಬಂದು ನನ್ನೆದುರಿಗೆ ಕೂತು ಹೋದೆ. ಯಾಕೆ ನನ್ನ ಮುಖ ಅಂತ ನಾನು ಕೇಳ್ದಾಗಲೂ ಬಾಯಿ ಬಿಡಲಿಲ್ಲ.” ಅಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದರು. ಕ್ಷಮಿಸಿದರೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಅಕ್ಕ ಎಡಗೈಯಲ್ಲಿ ತಟ್ಟೆ ತಂದು ಅವನ ಮುಂದಿಟ್ಟಳು. ಅನ್ನ ಅರ್ಧ ಹೊರಗೆ ಚೆಲ್ಲಿತು.

“ಅಕ್ಕ, ನಾನು ನಿಂಗೆ ಮೊದಲೇ ಹೇಳ್ಬೇಕಿತ್ತು.”

“ನಂಗೆ ಪೇಪರ್ ಬಂದ ದಿನಾನೇ ಗೊತ್ತಾಯ್ತು.”

ಅವನು ತಲೆ ಎತ್ತಿದ.

“ಚಿಕ್ಕಂದಿನಿಂದ ನೋಡ್ತಿದೀನಿ ನಿನ್ನ ಕೈನ. ಸಹಿ ಹಾಕದಿದ್ರೆ ಗೊತ್ತಾಗಲ್ವಾ ನಂಗೆ? ಇವ್ರನ್ನ ಹಾಗೆ ಬಿಡಿಸೋನು ಇನ್ಯಾರಿದಾನೆ?”

“ಮತ್ತೆ ಭಾವಂಗೆ ಯಾಕೆ ಹೇಳಲಿಲ್ಲ?”

“ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ದಿನಾ ಸಂಜೆ ಬಾಗಿಲು ತೆಗೀವಾಗ ನಿನ್ನ ಮುಖಾನೇ ನೋಡ್ತಿದ್ದೆ.” ಅಕ್ಕ ಚೆಲ್ಲಿದ ಅನ್ನವನ್ನು ಎಡಗೈಯಲ್ಲಿ ಒಟ್ಟುಗೂಡಿಸಲು ನೋಡಿದಳು, ಆಗಲಿಲ್ಲ. “ಆ ಮೂರು ಜನ ಬಂದಿದ್ರಲ್ಲ, ಮನೇಲಿ ಏನೂ ಸಿಗದೆ ಹೋದಾಗ ಒಂದೇ ಪ್ರಶ್ನೆ ಕೇಳಿದ್ರು. ಈ ಚಿತ್ರ ಇಷ್ಟು ಸರಿಯಾಗಿ ಬಂದಿದೆ, ಬಿಡಿಸಿದವನು ನಿನ್ನ ಗಂಡನ್ನ ಹತ್ತಿರದಿಂದ ನೋಡಿರ್ಬೇಕು, ಅವನಿಗೆ ಎಲ್ಲ ಗೊತ್ತಿರುತ್ತೆ. ಯಾರವನು, ಎಲ್ಲಿದಾನೆ ಹೇಳು, ಕೈ ಬಿಡ್ತೀವಿ ಅಂದ್ರು.”

ಪೆನ್ಸಿಲಣ್ಣ ಪ್ಲಾಸ್ಟರನ್ನೇ ನೋಡುತ್ತ ಕೂತ.

“ಗೊತ್ತಿಲ್ಲ ಅಂದೆ,” ಎಂದಳು ಅಕ್ಕ. “ಮೂರು ಸಲ ಕೇಳಿದ್ರು. ಮೂರು ಸಲಾನೂ ಗೊತ್ತಿಲ್ಲ ಅಂದೆ.”

ಅವನು ಬಾಯಿಗೆ ಕೈ ಅಡ್ಡ ಹಿಡಿದು ಅಳಲು ಶುರು ಮಾಡಿದ. ಗಂಡಸು ಅಳಬಾರದು ಎಂದು ಯಾರು ಹೇಳಿದರೋ, ಅವರಿಗೆ ಅಂಥ ಅಕ್ಕ ಇರಲಿಲ್ಲ. ಅಕ್ಕ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ತಟ್ಟೆಯನ್ನು ಅವನ ಕಡೆ ಇನ್ನಷ್ಟು ತಳ್ಳಿದಳು.

“ಊಟ ಮಾಡು. ಆಮೇಲೆ ಆ ಪಾತ್ರೆ ತೊಳೆದು ಹೋಗು, ನನ್ನ ಕೈಲಿ ಆಗಲ್ಲ. ನಾಳೇನೂ ಬಾ. ಪ್ಲಾಸ್ಟರು ಆರು ವಾರ ಇರುತ್ತಂತೆ.”